ಪಿಸ್ಟನ್ ಮತ್ತು ಡಯಾಫ್ರಮ್ ರೆಗ್ಯುಲೇಟರ್: ಬಿಚ್ಚುವ ಮೊದಲು ದೋಷವನ್ನು ಗುರುತಿಸುವ ಬಗೆ

ಸಿಲಿಂಡರಿನ ಗಾಳಿಯನ್ನು ಡೈವರಿಗೆ ಉಸಿರಾಡಲು ಒದಗಿಸುವ ಸ್ಕೂಬಾ ರೆಗ್ಯುಲೇಟರಿನಲ್ಲಿ, ಬಾಯಲ್ಲಿ ಇಟ್ಟುಕೊಳ್ಳುವ ಎರಡನೇ ಹಂತದಿಂದ ಸುಯ್ಯೆನ್ನುವ ಸದ್ದು ಕೇಳಿಸಿದೊಡನೆ ಹೆಚ್ಚಿನವರು ಬಿಚ್ಚುವುದು ಆ ಎರಡನೇ ಹಂತವನ್ನೇ. ಸದ್ದು ಬರುತ್ತಿರುವ ಕಡೆಯಲ್ಲೇ ದೋಷವೂ ಇರಬೇಕೆಂದು ಅನ್ನಿಸುವುದು ಸಹಜ. ನಾನು ಹಿಂದೊಮ್ಮೆ ಪಿಸ್ಟನ್ ಮಾದರಿಯ ರೆಗ್ಯುಲೇಟರೊಂದರಲ್ಲಿ ಇದೇ ನಂಬಿಕೆಯಿಂದ ಎರಡನೇ ಹಂತದ ಸೀಟನ್ನು (ಗಾಳಿಯ ದಾರಿ ಮುಚ್ಚುವಾಗ ಲೋಹದ ಅಂಚಿಗೆ ಒತ್ತಿಕೊಳ್ಳುವ ಭಾಗವನ್ನು) ಎರಡು ಸಲ ಬದಲಿಸಿದ್ದೆ. ಮೂರನೆಯ ಸಲವೂ ಸದ್ದು ಮರುಕಳಿಸಿದಾಗ ಮಾತ್ರ ಒತ್ತಡದ ಗೇಜ್ ಜೋಡಿಸಿ ನೋಡುವ ಬುದ್ಧಿ ಬಂತು. ಮುಳ್ಳು 9.5 ಬಾರ್‌ನಲ್ಲಿ ನಿಲ್ಲದೆ, ಹತ್ತು ನಿಮಿಷಗಳೊಳಗೆ 12ನ್ನು ದಾಟಿ ಮೇಲೇರಿತು. ದೋಷ ಇದ್ದದ್ದು ಸಿಲಿಂಡರಿಗೆ ಕೂಡುವ ಮೊದಲ ಹಂತದ ಸೀಟಿನ ಮೇಲೆ ಮೂಡಿದ್ದ, ಕೂದಲೆಳೆಯಷ್ಟು ತೆಳುವಾದ ಒಂದು ಗೀರಿನಲ್ಲಿ. ಎರಡನೇ ಹಂತವು ಆ ದೋಷವನ್ನು ಹೊರಗೆ ತೋರಿಸುತ್ತಿತ್ತು, ಅಷ್ಟೆ.

ಈ ಬರಹವು ಬಿಚ್ಚುವ ಕೆಲಸಕ್ಕಿಂತ ಹಿಂದಿನ ಹೆಜ್ಜೆಗೆ ಸಂಬಂಧಿಸಿದ್ದು. ನೀರಿನಡಿಯಲ್ಲಿ ಉಸಿರನ್ನು ಹಿಡಿದಿಟ್ಟಿರುವ ಉಪಕರಣವನ್ನು ತರಬೇತಿಯಿಲ್ಲದವರು ಬಿಚ್ಚಬಾರದು. ಆದರೆ ಹೊರಗಿನಿಂದಲೇ ಅದರ ಲಕ್ಷಣಗಳನ್ನು ಓದಲು ಪ್ರತಿಯೊಬ್ಬ ಡೈವರಿಗೂ ಬರಬೇಕು. ಹಾಗೆ ಓದುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಕೈಯಲ್ಲಿರುವ ಮೊದಲ ಹಂತ ಪಿಸ್ಟನ್‌ನದೋ ಡಯಾಫ್ರಮ್‌ನದೋ ಎಂಬುದು. ಏಕೆಂದರೆ ಒಂದೇ ಲಕ್ಷಣವು ಈ ಎರಡರಲ್ಲಿ ಬೇರೆ ಬೇರೆ ಭಾಗಗಳ ಕಡೆಗೆ ಬೆರಳು ತೋರಿಸುತ್ತದೆ.

ಎರಡು ರಚನೆಗಳ ಒಳಗಿನ ವ್ಯತ್ಯಾಸ

ಎರಡರ ಕೆಲಸವೂ ಒಂದೇ. ಸಿಲಿಂಡರಿನಲ್ಲಿರುವ 200 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡವನ್ನು ಮೊದಲ ಹಂತವು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ. ಇದನ್ನು ಮಧ್ಯಂತರ ಒತ್ತಡ ಎನ್ನುತ್ತೇವೆ. ಅಲ್ಲಿಂದ ಉಸಿರಾಡುವ ಒತ್ತಡಕ್ಕೆ ಇಳಿಸುವುದು ಬಾಯಲ್ಲಿರುವ ಎರಡನೇ ಹಂತದ ಹೊಣೆ.

ಬ್ಯಾಲೆನ್ಸ್ಡ್ (ಸಿಲಿಂಡರಿನ ಒತ್ತಡ ಇಳಿದರೂ ಮಧ್ಯಂತರ ಒತ್ತಡ ಹೆಚ್ಚು ಬದಲಾಗದಂತೆ ರೂಪಿಸಿದ) ಪಿಸ್ಟನ್ ರಚನೆಯಲ್ಲಿ ಅಗಲವಾದ ತಲೆ ಮತ್ತು ಟೊಳ್ಳಾದ ಕಾಂಡವಿರುವ ಒಂದು ಲೋಹದ ಪಿಸ್ಟನ್ ಇರುತ್ತದೆ. ದೊಡ್ಡ ಸ್ಪ್ರಿಂಗ್ ಅದನ್ನು ಸೀಟಿನಿಂದ ದೂರ ತಳ್ಳಿ ದಾರಿ ತೆರೆಯುತ್ತದೆ, ಗಾಳಿಯು ಕಾಂಡದೊಳಗಿಂದ ಹರಿದು ತಲೆಯ ಹಿಂಬದಿಯಲ್ಲಿ ತುಂಬಿಕೊಳ್ಳುತ್ತದೆ, ಅಲ್ಲಿ ಒತ್ತಡ ಸಾಕಷ್ಟು ಏರಿದಾಗ ಪಿಸ್ಟನ್ ಹಿಂದಕ್ಕೆ ಸರಿದು ಕಾಂಡದ ಹರಿತವಾದ ಅಂಚು ಪ್ಲಾಸ್ಟಿಕ್ ಸೀಟಿನ ಮೇಲೆ ಕುಳಿತು ದಾರಿ ಮುಚ್ಚುತ್ತದೆ. ಚಲಿಸುವ ಮುಖ್ಯ ಭಾಗ ಪಿಸ್ಟನ್ ಒಂದೇ. ಸ್ಪ್ರಿಂಗ್ ಇರುವ ಕೋಣೆಗೆ ಹೊರಗಿನ ನೀರು ರಂಧ್ರಗಳ ಮೂಲಕ ನೇರವಾಗಿ ನುಗ್ಗುತ್ತದೆ. ಆಳದ ಒತ್ತಡವನ್ನು ಪಿಸ್ಟನ್ನಿಗೆ ತಿಳಿಸುವುದು ಆ ನೀರೇ.

ಡಯಾಫ್ರಮ್ ರಚನೆಯಲ್ಲಿ ನೀರಿಗೂ ಒಳಗಿನ ಯಂತ್ರಭಾಗಕ್ಕೂ ನಡುವೆ ದಪ್ಪ ರಬ್ಬರಿನ ಪೊರೆಯಿರುತ್ತದೆ. ಸ್ಪ್ರಿಂಗ್ ಪೊರೆಯನ್ನು ಒತ್ತುತ್ತದೆ, ಪೊರೆ ಒಂದು ಸಣ್ಣ ಪಿನ್ನನ್ನು ಒತ್ತುತ್ತದೆ, ಪಿನ್ ಪಾಪೆಟ್ ಎಂಬ ಮುಚ್ಚಳವನ್ನು ಅದರ ರಂಧ್ರದಿಂದ ಎತ್ತುತ್ತದೆ. ಒಳಗೆ ಮಧ್ಯಂತರ ಒತ್ತಡ ಏರಿದಾಗ ಪೊರೆ ಹಿಂದಕ್ಕೆ ಬಾಗುತ್ತದೆ ಮತ್ತು ಪಾಪೆಟ್ ತನ್ನ ಜಾಗಕ್ಕೆ ಮರಳಿ ಮುಚ್ಚಿಕೊಳ್ಳುತ್ತದೆ. ಭಾಗಗಳ ಸಂಖ್ಯೆ ಹೆಚ್ಚು, ಆದರೆ ಅವುಗಳಲ್ಲಿ ನಾಜೂಕಾದವೆಲ್ಲ ಒಣಗಿದ ಜಾಗದಲ್ಲಿರುತ್ತವೆ. 1943ರಲ್ಲಿ ಎಮಿಲ್ ಗಾನ್ಯಾನ್ ಮತ್ತು ಜಾಕ್ ಕುಸ್ತೋ ರೂಪಿಸಿದ ಆಕ್ವಾಲಂಗ್ ಕೂಡ ಡಯಾಫ್ರಮ್ಮಿನ ತತ್ತ್ವವನ್ನೇ ಅವಲಂಬಿಸಿತ್ತು.

ದೋಷ ಪತ್ತೆಗೆ ನಿಜವಾಗಿ ಉಪಯೋಗಕ್ಕೆ ಬರುವ ವ್ಯತ್ಯಾಸ ಇನ್ನೂ ಸೂಕ್ಷ್ಮವಾದದ್ದು. ಬ್ಯಾಲೆನ್ಸ್ಡ್ ಆದ ಎರಡು ರಚನೆಗಳಲ್ಲಿಯೂ ಸಿಲಿಂಡರಿನ ಪೂರ್ಣ ಒತ್ತಡವನ್ನು ತಡೆಯುತ್ತ, ಅದೇ ವೇಳೆಗೆ ಚಲಿಸುವ ಕಾಂಡವನ್ನು ಸುತ್ತುವರಿದಿರುವ ಒಂದು ಓ-ರಿಂಗ್, ಅಂದರೆ ಸೋರಿಕೆ ತಡೆಯುವ ರಬ್ಬರಿನ ಉಂಗುರ, ಇರುತ್ತದೆ. ಇಡೀ ಉಪಕರಣದಲ್ಲಿ ಅತಿ ಕಷ್ಟದ ಕೆಲಸ ಅದರದು. ಬ್ಯಾಲೆನ್ಸ್ಡ್ ಪಿಸ್ಟನ್ನಿನಲ್ಲಿ ಆ ಓ-ರಿಂಗಿನ ಮತ್ತೊಂದು ಬದಿಯಲ್ಲಿರುವುದು ನೀರಿನ ಕೋಣೆ. ಆದ್ದರಿಂದ ಅದು ಸವೆದರೆ ಗಾಳಿ ಹೊರಗಿನ ನೀರಿಗೆ ಸೋರುತ್ತದೆ, ಗುಳ್ಳೆಗಳು ಕಾಣಿಸುತ್ತವೆ, ಮಧ್ಯಂತರ ಒತ್ತಡ ಮಾತ್ರ ಸ್ಥಿರವಾಗಿಯೇ ಉಳಿಯುತ್ತದೆ. ಬ್ಯಾಲೆನ್ಸ್ಡ್ ಡಯಾಫ್ರಮ್ಮಿನಲ್ಲಿ ಪಾಪೆಟ್ಟಿನ ಬಾಲ ಕುಳಿತಿರುವ ಸಣ್ಣ ಕೋಣೆಯು ಪಾಪೆಟ್ಟಿನ ನಡುವಿನ ರಂಧ್ರದ ಮೂಲಕ ಮಧ್ಯಂತರ ಒತ್ತಡದ ಕೋಣೆಗೆ ಕೂಡಿಕೊಂಡಿರುತ್ತದೆ. ಅಲ್ಲಿನ ಓ-ರಿಂಗ್ ಸವೆದರೆ ಗಾಳಿ ಒಳಕ್ಕೇ ಸೋರುತ್ತದೆ. ಹೊರಗೆ ಒಂದು ಗುಳ್ಳೆಯೂ ಕಾಣದೆ ಮಧ್ಯಂತರ ಒತ್ತಡ ಮೆಲ್ಲಗೆ ಏರುತ್ತದೆ. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದರಲ್ಲಿ ಬಹುಪಾಲು ತಾನಾಗಿ ಅರ್ಥವಾಗುತ್ತದೆ.

ಗೇಜ್ ಜೋಡಿಸಿ ನೋಡುವುದು

ಬೇಕಾಗುವ ಸಾಧನ ಒಂದೇ: ಜಾಕೆಟ್ಟಿಗೆ ಗಾಳಿ ತುಂಬುವ ಹೋಸಿನ ತುದಿಗೆ ಸಿಕ್ಕಿಸಬಹುದಾದ, ಸುಮಾರು 25 ಬಾರ್‌ವರೆಗೆ ಅಳೆಯುವ ಒತ್ತಡದ ಗೇಜ್. ಅದನ್ನು ಸಿಕ್ಕಿಸಿ, ಎರಡನೇ ಹಂತದ ಮೇಲಿರುವ, ಒತ್ತಿದರೆ ಗಾಳಿ ಹರಿಯುವ ಪರ್ಜ್ ಗುಂಡಿಯನ್ನು ತುಸು ಒತ್ತಿ ಹಿಡಿದು, ಸಿಲಿಂಡರಿನ ವಾಲ್ವನ್ನು ನಿಧಾನವಾಗಿ ತೆರೆದು, ಗಾಳಿ ಬರತೊಡಗಿದ ಮೇಲೆ ಗುಂಡಿಯನ್ನು ಬಿಡಬೇಕು. ಈ ಹೊತ್ತಿನಲ್ಲಿ ಗೇಜಿನ ಮುಖವನ್ನು ಯಾರ ಕಡೆಗೂ ತಿರುಗಿಸಬಾರದು. ಎರಡನೇ ಹಂತವನ್ನು ಕಳಚಿ ಹೋಸು ಕೂಡಿಸುವ ಎಲ್ಲ ಪೋರ್ಟುಗಳಿಗೂ ಬಿರಡೆ ಹಾಕಿ ಪರೀಕ್ಷಿಸುವ ಸಾಹಸವನ್ನೂ ಮಾಡಬಾರದು: ಸಾಮಾನ್ಯ ಎರಡನೇ ಹಂತದ ವಾಲ್ವ್ ಹೆಚ್ಚಿನ ಒತ್ತಡಕ್ಕೆ ತಾನಾಗಿಯೇ ತೆರೆದುಕೊಳ್ಳುವಂಥದ್ದು, ಅದನ್ನು ಕಳಚಿದರೆ ಏರುವ ಒತ್ತಡಕ್ಕೆ ಹೊರದಾರಿಯೇ ಇರುವುದಿಲ್ಲ, ಹೋಸು ಅಥವಾ ಗೇಜು ಸಿಡಿಯಬಹುದು.

ಮುಳ್ಳು ನಿಂತ ಅಂಕಿಯನ್ನು ಬರೆದಿಟ್ಟುಕೊಂಡು ಪರ್ಜ್ ಗುಂಡಿಯನ್ನು ಪೂರ್ತಿ ಒತ್ತಿ ಬಿಡಿ. ಗಾಳಿ ಹರಿಯುವಾಗ ಮುಳ್ಳು ಒಂದು ಬಾರ್ ಆಸುಪಾಸು ಇಳಿದು, ಬಿಟ್ಟ ತಕ್ಷಣ ಹಿಂದಿನ ಅಂಕಿಗೇ ಚಿಮ್ಮಿ ನಿಂತರೆ ಮೊದಲ ಹಂತ ಆರೋಗ್ಯವಾಗಿದೆ. ಹತ್ತಾರು ಸಲ ಹೀಗೆ ಮಾಡಿ, ಕೊನೆಗೆ ಐದು ನಿಮಿಷ ಸುಮ್ಮನೆ ಬಿಟ್ಟು ನೋಡಿ. ಆತುರಪಡುವವರಿಗೆ ಮೆಲ್ಲಗಿನ ಏರಿಕೆ ಸಿಕ್ಕುವುದೇ ಇಲ್ಲ; ಹೆಚ್ಚಿನ ತಪ್ಪು ತೀರ್ಮಾನಗಳು ಈ ಐದು ನಿಮಿಷಗಳನ್ನು ಉಳಿಸಲು ಹೋಗಿ ಆಗುತ್ತವೆ ಎಂಬುದು ನನ್ನ ಅನುಭವ. ಇಷ್ಟೂ ಪರೀಕ್ಷೆಯನ್ನು ತುಂಬಿದ ಸಿಲಿಂಡರಿನ ಮೇಲೆ ಒಮ್ಮೆ, 30–40 ಬಾರ್ ಮಾತ್ರ ಉಳಿದಿರುವ ಸಿಲಿಂಡರಿನ ಮೇಲೆ ಇನ್ನೊಮ್ಮೆ ಮಾಡಬೇಕು.

ಮಧ್ಯಂತರ ಒತ್ತಡ ಏರುತ್ತ ಹೋದರೆ

ಮುಳ್ಳು ಒಂದೆರಡು ಕೂದಲಿನಷ್ಟು ಏರಿ ನಿಂತರೆ ಚಿಂತೆಯಿಲ್ಲ. ಹೊಸ ಸೀಟು ಹಾಕಿದ ರೆಗ್ಯುಲೇಟರಿನಲ್ಲಿ ಅಂಚು ಸೀಟಿನ ಮೇಲೆ ತನ್ನ ಗುರುತನ್ನು ಒತ್ತಿಕೊಳ್ಳುವ ತನಕ ಹೀಗಾಗುವುದುಂಟು. ಎಲ್ಲಿಯೂ ನಿಲ್ಲದೆ ಏರುತ್ತ ಹೋದರೆ ಮಾತ್ರ ಅದು ದೋಷ. ಇದರ ಹೊರ ಲಕ್ಷಣವು ಗೇಜ್ ಇಲ್ಲದೆಯೂ ಗುರುತಿಗೆ ಸಿಗುವಂಥದ್ದು: ಸಿಲಿಂಡರ್ ತೆರೆದಾಗ ಎಲ್ಲವೂ ಸರಿಯಿರುತ್ತದೆ, ಕೆಲವು ನಿಮಿಷಗಳಾದ ಮೇಲೆ ಎರಡನೇ ಹಂತ ಸುಯ್ಯೆನ್ನತೊಡಗುತ್ತದೆ, ಪರ್ಜ್ ಒತ್ತಿದರೆ ಸದ್ದು ನಿಲ್ಲುತ್ತದೆ, ಮತ್ತೆ ಕೆಲವು ನಿಮಿಷಗಳಲ್ಲಿ ಮರಳುತ್ತದೆ. ವಾಲ್ವ್ ತೆರೆದ ಕ್ಷಣದಿಂದಲೇ ಒಂದೇ ಸಮನೆ ಸೋರುತ್ತಿದ್ದು, ಗೇಜಿನ ಮುಳ್ಳು ಅಲುಗದಿದ್ದರೆ ಆಗ ದೋಷ ನಿಜಕ್ಕೂ ಎರಡನೇ ಹಂತದ್ದು. ಅದರ ಸೀಟು, ಸೀಟು ಕೂರುವ ಅಂಚು, ಅಥವಾ ತುಂಬ ಎತ್ತರಕ್ಕೆ ಹೊಂದಿಸಿದ ಲಿವರ್ ಕಾರಣವಾಗಿರುತ್ತದೆ.

ಎರಡು ಎರಡನೇ ಹಂತಗಳಿರುವಾಗ ಇನ್ನೊಂದು ಗೊಂದಲ ಹುಟ್ಟುತ್ತದೆ. ಒತ್ತಡ ಏರಿದಾಗ ಮೊದಲು ಸೋರುವುದು ಅತ್ಯಂತ ಸಲೀಸಾಗಿ ಹೊಂದಿಸಿದ್ದು. ಅದರ ಮೇಲೆ ಆರೋಪ ಬರುತ್ತದೆ. ಅದರ ಹೊಂದಾಣಿಕೆಯ ಗುಬುಟನ್ನು ಬಿಗಿ ಮಾಡಿದ ಮೇಲೆ ತುಸು ಹೊತ್ತಿನಲ್ಲಿ ಇನ್ನೊಂದು ಸೋರತೊಡಗಿದರೆ, ಎರಡೂ ನಿರಪರಾಧಿಗಳು, ಮೊದಲ ಹಂತವನ್ನು ನೋಡಬೇಕು.

ಪಿಸ್ಟನ್ ಆಗಿದ್ದರೆ ಈ ಏರಿಕೆಗೆ ಸಂದೇಹಪಡಬೇಕಾದ ಜಾಗಗಳು ಎರಡೇ: ಪ್ಲಾಸ್ಟಿಕ್ ಸೀಟು ಮತ್ತು ಅದರ ಮೇಲೆ ಕೂರುವ ಕಾಂಡದ ಅಂಚು. ಸೀಟು ಅಗ್ಗದ ಭಾಗ, ಸರ್ವಿಸ್ ಕಿಟ್ಟಿನಲ್ಲೇ ಬರುತ್ತದೆ. ಅಂಚಿನಲ್ಲಿ ಒಂದು ಸಣ್ಣ ಮೊಂಡು ಬಿದ್ದಿದ್ದರೂ ಎಷ್ಟು ಹೊಸ ಸೀಟು ಹಾಕಿದರೂ ವಾರದೊಳಗೆ ಏರಿಕೆ ಮರುಕಳಿಸುತ್ತದೆ. ಆದ್ದರಿಂದ ತೆಗೆದ ಹಳೆಯ ಸೀಟನ್ನು ಭೂತಗನ್ನಡಿಯಲ್ಲಿ ನೋಡುವುದು ಹೊಸದನ್ನು ಹಾಕುವುದಕ್ಕಿಂತ ಮುಖ್ಯವಾದ ಕೆಲಸ. ಅದರ ಮೇಲಿನ ಉಂಗುರದ ಗುರುತು ಸುತ್ತಲೂ ಒಂದೇ ಸಮನಾಗಿದ್ದು ಅಡ್ಡಲಾಗಿ ಗೀರಿದ್ದರೆ ಮರಳಿನ ಕಣವೋ ಉಪ್ಪಿನ ಹರಳೋ ಸಿಕ್ಕಿಕೊಂಡಿತ್ತೆಂದು ತಿಳಿಯಬಹುದು. ಉಂಗುರವೇ ಒಂದು ಕಡೆ ಮುರಿದಂತೆ ಕಂಡರೆ ಅಂಚಿನ ಆ ಭಾಗದಲ್ಲಿ ಪೆಟ್ಟಿದೆ.

ಡಯಾಫ್ರಮ್ ಆಗಿದ್ದರೆ ಸಂದೇಹದ ಪಟ್ಟಿ ಉದ್ದವಾಗುತ್ತದೆ. ಪಾಪೆಟ್ಟಿನ ಸೀಟು, ಅದು ಕೂರುವ ಲೋಹದ ಅಂಚು ಇವುಗಳ ಜೊತೆಗೆ, ಮೇಲೆ ಹೇಳಿದ ಬ್ಯಾಲೆನ್ಸ್ ಕೋಣೆಯ ಓ-ರಿಂಗ್ ಕೂಡ ಇದೇ ಲಕ್ಷಣವನ್ನು ಕೊಡುತ್ತದೆ. ಕೆಲವು ವಿನ್ಯಾಸಗಳಲ್ಲಿ ಆ ಲೋಹದ ಅಂಚು ಬದಲಿಸಬಹುದಾದ ಬಿಡಿಭಾಗವಾಗಿದ್ದು ಅದರ ಸುತ್ತಲೂ ಮತ್ತೊಂದು ಓ-ರಿಂಗ್ ಇರುತ್ತದೆ. ಅದೂ ಪಟ್ಟಿಗೆ ಸೇರುತ್ತದೆ. ಸೀಟನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೆಯೇ ಬಿಟ್ಟು ಜೋಡಿಸಿದ ಡಯಾಫ್ರಮ್ ರೆಗ್ಯುಲೇಟರುಗಳು ಮತ್ತೆ ಬೆಂಚಿಗೆ ಮರಳುವುದು ಈ ಕಾರಣಕ್ಕೆ. ಕೆಲವರು ಏರಿಕೆಯನ್ನು ಕಂಡು ಹೊರಗಿನ ಸ್ಪ್ರಿಂಗ್ ಹೊಂದಾಣಿಕೆಯ ಸ್ಕ್ರೂವನ್ನು ಸಡಿಲಿಸಿ ಒತ್ತಡ ಇಳಿಸುವುದನ್ನೂ ನೋಡಿದ್ದೇನೆ. ಡಯಾಫ್ರಮ್ಮಿನಲ್ಲಿ ಆ ಸ್ಕ್ರೂ ಕೈಗೆ ಸುಲಭವಾಗಿ ಸಿಗುವುದರಿಂದ ಈ ಆಸೆ ಹುಟ್ಟುತ್ತದೆ. ಅದು ಏರಿಕೆ ಶುರುವಾಗುವ ಅಂಕಿಯನ್ನು ಕೆಳಗೆ ತರುತ್ತದೆ, ಏರಿಕೆಯನ್ನು ನಿಲ್ಲಿಸುವುದಿಲ್ಲ. ದೋಷವನ್ನು ಇನ್ನೊಂದಷ್ಟು ನಿಮಿಷ ಮರೆಮಾಚಿ ನೀರಿನಡಿಗೆ ಕಳಿಸಿದಂತೆ ಆಗುತ್ತದೆ.

ಮೊದಲ ಹಂತದಿಂದ ಗುಳ್ಳೆಗಳು ಬರುತ್ತಿದ್ದರೆ

ಒತ್ತಡ ತುಂಬಿದ ಮೊದಲ ಹಂತವನ್ನು ಸ್ವಚ್ಛ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮೂಲೆಗಳಲ್ಲಿ ಸಿಕ್ಕಿಕೊಂಡ ಗಾಳಿಯೆಲ್ಲ ಹೊರಟುಹೋಗುವ ತನಕ ಎರಡು ನಿಮಿಷ ಕಾದು, ಆಮೇಲೆ ಗುಳ್ಳೆ ಹುಟ್ಟುವ ಜಾಗವನ್ನು ಗಮನಿಸಬೇಕು. ಪೋರ್ಟಿನ ಬಿರಡೆ, ಹೋಸಿನ ಬುಡ, ಸಿಲಿಂಡರಿಗೆ ಕೂಡುವ ಜಾಗ, ತಿರುಗುವ ತಲೆಯ ಸಂದು ಇವುಗಳಿಂದ ಬರುವ ಗುಳ್ಳೆಗಳು ಎರಡು ರಚನೆಗಳಲ್ಲಿಯೂ ಒಂದೇ ಅರ್ಥದವು: ಆಯಾ ಜಾಗದ ಓ-ರಿಂಗ್ ಹೋಗಿದೆ.

ನೀರು ಒಳನುಗ್ಗುವ ರಂಧ್ರಗಳಿಂದ ಗುಳ್ಳೆ ಬಂದರೆ ಮಾತ್ರ ರಚನೆ ಮುಖ್ಯವಾಗುತ್ತದೆ. ಬ್ಯಾಲೆನ್ಸ್ಡ್ ಪಿಸ್ಟನ್ನಿನಲ್ಲಿ ಆ ಕೋಣೆಗೆ ಸೋರಬಲ್ಲ ಓ-ರಿಂಗುಗಳು ಎರಡು. ಒಂದು ಕಾಂಡದ ಸುತ್ತಲಿನದು, ಅದು ಸಿಲಿಂಡರಿನ ಒತ್ತಡವನ್ನು ತಡೆಯುತ್ತದೆ. ಇನ್ನೊಂದು ಪಿಸ್ಟನ್ ತಲೆಯ ಸುತ್ತಲಿನದು, ಅದು ಮಧ್ಯಂತರ ಒತ್ತಡವನ್ನಷ್ಟೇ ತಡೆಯುತ್ತದೆ. ಬಿಚ್ಚದೆಯೇ ಇವೆರಡನ್ನು ಬೇರ್ಪಡಿಸಲು ಒಂದು ಉಪಾಯವಿದೆ. ತುಂಬಿದ ಸಿಲಿಂಡರಿನಲ್ಲಿ ಗುಳ್ಳೆಗಳ ರಭಸ ನೋಡಿ, ಬಹುತೇಕ ಖಾಲಿಯಾದ ಸಿಲಿಂಡರಿನಲ್ಲಿ ಮತ್ತೆ ನೋಡಿ. ರಭಸ ಸಿಲಿಂಡರಿನ ಒತ್ತಡದೊಂದಿಗೆ ಎದ್ದುಕಾಣುವಂತೆ ಬದಲಾದರೆ ಕಾಂಡದ ಓ-ರಿಂಗನ್ನು, ಎರಡರಲ್ಲೂ ಒಂದೇ ಸಮನಾಗಿದ್ದರೆ ತಲೆಯ ಓ-ರಿಂಗನ್ನು ಸಂದೇಹಿಸಬೇಕು. ಎರಡನೆಯ ಸಂದರ್ಭದಲ್ಲಿ ಓ-ರಿಂಗ್ ಬದಲಿಸುವವರು ಅದು ಜಾರುವ ಲೋಹದ ಗೋಡೆಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಉಪ್ಪುನೀರು ನಿಂತು ಕ್ರೋಮ್ ಲೇಪ ಎದ್ದು ಹಿತ್ತಾಳೆಯಲ್ಲಿ ಕುಳಿ ಬಿದ್ದಿದ್ದರೆ ಹೊಸ ಓ-ರಿಂಗೂ ನಿಲ್ಲುವುದಿಲ್ಲ. ಪಿಸ್ಟನ್ ರೆಗ್ಯುಲೇಟರನ್ನು ಪ್ರತಿ ಡೈವಿನ ನಂತರ ಸಿಹಿನೀರಿನಲ್ಲಿ ಅದ್ದಿ ತೆಗೆದರೆ ಸಾಲದು, ಆ ರಂಧ್ರಗಳ ಮೂಲಕ ನೀರು ಹರಿಸಿ ಒಳಗಿನ ಉಪ್ಪನ್ನು ತೊಳೆಯಬೇಕು ಎಂದು ಒತ್ತಿ ಹೇಳುವುದು ಇದೇ ಕಾರಣದಿಂದ.

ಡಯಾಫ್ರಮ್ಮಿನಲ್ಲಿ ಸ್ಪ್ರಿಂಗ್ ಇರುವ ಬದಿಯಿಂದ ಗುಳ್ಳೆ ಬಂದರೆ ಮುಖ್ಯ ಪೊರೆ ಹರಿದಿದೆ, ಅಥವಾ ಅದರ ಅಂಚನ್ನು ಹಿಡಿದಿರುವ ಮುಚ್ಚಳ ಸಾಕಷ್ಟು ಬಿಗಿಯಾಗಿಲ್ಲ ಎಂದರ್ಥ. ಹೊರಗಡೆ ಎರಡನೆಯ ಪೊರೆಯಿಂದ ಮುಚ್ಚಿದ ಮಾದರಿಗಳಲ್ಲಿ ಗುಳ್ಳೆ ಕಾಣುವ ಬದಲು ಆ ಹೊರಪೊರೆ ಒತ್ತಡ ತುಂಬಿದಾಗ ಬಲೂನಿನಂತೆ ಉಬ್ಬುತ್ತದೆ. ಬೆರಳಿಟ್ಟು ನೋಡಿದರೂ ತಿಳಿಯುವ ಈ ಲಕ್ಷಣವನ್ನು ಡೈವಿಗೆ ಮೊದಲು ಪರೀಕ್ಷಿಸುವ ಅಭ್ಯಾಸ ಬೆಳೆಸಿಕೊಳ್ಳುವುದು ಒಳ್ಳೆಯದು.

ಉಸಿರು ಬಿಗಿಯಾಗುತ್ತಿದ್ದರೆ

ಮೊದಲು ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ. ತೆರೆದಿದ್ದೂ ಉಸಿರೆಳೆದಾಗಲೆಲ್ಲ ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಳಗೆ ತೂಗಾಡಿದರೆ, ಮೊದಲ ಹಂತದ ಬಾಯಲ್ಲಿರುವ ಲೋಹದ ಫಿಲ್ಟರ್ ಕಟ್ಟಿಕೊಂಡಿದೆ. ಅದರ ಬಣ್ಣವೇ ಕಾರಣವನ್ನು ಹೇಳುತ್ತದೆ: ಹಸಿರು ಕಿಲುಬು ಹಿಡಿದಿದ್ದರೆ ರೆಗ್ಯುಲೇಟರಿನೊಳಗೆ ನೀರು ಹೋಗಿದೆ, ಕೆಂಗಂದು ಬಣ್ಣ ಉಕ್ಕಿನ ಸಿಲಿಂಡರಿನ ತುಕ್ಕು, ಬೂದು ಬಿಳಿಯ ಪುಡಿ ಅಲ್ಯೂಮಿನಿಯಂ ಸಿಲಿಂಡರಿನದು, ಕಪ್ಪು ಕಂಪ್ರೆಸರಿನ ಕಡೆಯಿಂದ ಬಂದ ಎಣ್ಣೆ ಅಥವಾ ಇದ್ದಿಲು. ಕೊನೆಯ ಮೂರರಲ್ಲಿ ರೆಗ್ಯುಲೇಟರನ್ನು ಮಾತ್ರ ಸ್ವಚ್ಛಗೊಳಿಸಿ ಅದೇ ಸಿಲಿಂಡರಿಗೆ ಅಥವಾ ಅದೇ ಕಂಪ್ರೆಸರಿನ ಗಾಳಿಗೆ ಮರಳುವುದರಲ್ಲಿ ಅರ್ಥವಿಲ್ಲ.

ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಮಾತ್ರ ಉಸಿರು ಬಿಗಿಯಾಗುತ್ತಿದ್ದರೆ ಅದು ದೋಷವಾಗದೆ ರಚನೆಯ ಸ್ವಭಾವವಾಗಿರಬಹುದು. ಬ್ಯಾಲೆನ್ಸ್ ಇಲ್ಲದ ಸರಳ ಪಿಸ್ಟನ್ನಿನಲ್ಲಿ ಸಿಲಿಂಡರಿನ ಒತ್ತಡವು ಸೀಟನ್ನು ತೆರೆಯುವ ದಿಕ್ಕಿನಲ್ಲಿ ತಳ್ಳುತ್ತದೆ. ಆ ತಳ್ಳುವ ಬಲ ಕುಗ್ಗಿದಂತೆ ಮಧ್ಯಂತರ ಒತ್ತಡವೂ ಇಳಿಯುತ್ತದೆ. ಬ್ಯಾಲೆನ್ಸ್ ಇಲ್ಲದ ಹಳೆಯ ಡಯಾಫ್ರಮ್ಮಿನಲ್ಲಿ ಇದು ತಿರುವುಮುರುವು: ಸಿಲಿಂಡರಿನ ಒತ್ತಡ ಮುಚ್ಚುವ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ ಅದು ಇಳಿದಂತೆ ಮಧ್ಯಂತರ ಒತ್ತಡ ಏರುತ್ತದೆ. ಬ್ಯಾಲೆನ್ಸ್ಡ್ ರಚನೆಗಳೆರಡರಲ್ಲಿಯೂ ತುಂಬಿದ ಮತ್ತು ಖಾಲಿ ಸಿಲಿಂಡರಿನ ಅಂಕಿಗಳು ಹತ್ತಿರ ಹತ್ತಿರ ಇರಬೇಕು. ಸರಳ ಪಿಸ್ಟನ್ನಿನ ರಂಧ್ರಗಳಿಂದ ಗುಳ್ಳೆ ಬಂದರೆ ಮೇಲಿನ ಉಪಾಯ ಅನ್ವಯಿಸುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಅದರ ಕಾಂಡ ಮತ್ತು ತಲೆ ಎರಡರ ಓ-ರಿಂಗುಗಳೂ ಮಧ್ಯಂತರ ಒತ್ತಡವನ್ನೇ ತಡೆಯುತ್ತವೆ.

ಪರ್ಜ್ ಒತ್ತಿ ಬಿಟ್ಟಾಗಲೆಲ್ಲ ಮುಳ್ಳು ಬೇರೆ ಬೇರೆ ಅಂಕಿಗಳಲ್ಲಿ ನಿಲ್ಲುತ್ತಿದ್ದರೆ ಚಲಿಸುವ ಕಾಂಡವು ತನ್ನ ಓ-ರಿಂಗಿನಲ್ಲಿ ಸಲೀಸಾಗಿ ಜಾರುತ್ತಿಲ್ಲ: ಗ್ರೀಸ್ ಒಣಗಿದೆ ಅಥವಾ ಉಪ್ಪು ಕೂತಿದೆ. ಪಿಸ್ಟನ್ನಿನಲ್ಲಿ ಇದು ಹೆಚ್ಚು, ಏಕೆಂದರೆ ಆ ಕಾಂಡದ ಒಂದು ಬದಿ ಸದಾ ನೀರನ್ನು ಮುಟ್ಟುತ್ತಿರುತ್ತದೆ.

ತಣ್ಣೀರಿನಲ್ಲಿ

ಹಿಗ್ಗುವ ಗಾಳಿ ತಣಿಯುತ್ತದೆ, ಮತ್ತು ಮೊದಲ ಹಂತದ ಲೋಹ ಸುತ್ತಲಿನ ನೀರಿಗಿಂತ ತಣ್ಣಗಾಗುತ್ತದೆ. ಯುರೋಪಿನ ಇಎನ್ 250 ಮಾನದಂಡವು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ನೀರನ್ನು ತಣ್ಣೀರೆಂದು ಪ್ರತ್ಯೇಕಿಸುತ್ತದೆ. ತೆರೆದ ಪಿಸ್ಟನ್ನಿನ ಕೋಣೆಯಲ್ಲಿ ನೀರು ಹೆಪ್ಪುಗಟ್ಟಿದರೆ ಪಿಸ್ಟನ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡು ಎರಡನೇ ಹಂತದಿಂದ ಗಾಳಿ ರಭಸವಾಗಿ ಹೊರನುಗ್ಗುತ್ತದೆ. ಹೊರಪೊರೆಯಿಂದ ಮುಚ್ಚಿದ ಡಯಾಫ್ರಮ್ಮಿಗೆ ಈ ಅಪಾಯ ಬಹಳ ಕಡಿಮೆ. ಹೊರಪೊರೆಯಿಲ್ಲದ ಡಯಾಫ್ರಮ್ಮಿನಲ್ಲಿ ಸ್ಪ್ರಿಂಗಿನ ಸುತ್ತ ನೀರಿರುವುದರಿಂದ ಅದನ್ನು ಪೂರ್ತಿ ಸುರಕ್ಷಿತವೆಂದು ಎಣಿಸುವಂತಿಲ್ಲ. ಮೇಲೆ ಬಂದು ಬೆಚ್ಚಗಾದ ಮೇಲೆ ಗೇಜ್ ಎಲ್ಲವನ್ನೂ ಸರಿಯೆಂದು ತೋರಿಸಿದರೆ, ಘಟನೆ ನಡೆದಾಗಿನ ನೀರಿನ ಉಷ್ಣತೆಯನ್ನು ತಂತ್ರಜ್ಞರಿಗೆ ತಿಳಿಸಬೇಕು. ಇಲ್ಲವಾದರೆ ಅವರು ಇಲ್ಲದ ದೋಷವನ್ನು ಸೀಟಿನಲ್ಲಿ ಹುಡುಕುತ್ತ ಕೂರುತ್ತಾರೆ.

ಹಾಗಾದರೆ ಯಾವುದು ಮೇಲು ಎಂದು ಕೇಳಿದವರಿಗೆ, ಮರಳು, ಕೆಸರು, ತಣ್ಣೀರು ಇರುವಲ್ಲಿ ಹೊರಪೊರೆಯ ಡಯಾಫ್ರಮ್ ಎಂದೂ, ಬೆಚ್ಚಗಿನ ಸ್ವಚ್ಛ ನೀರಿನಲ್ಲಿ ಮುಳುಗಿ ಚೆನ್ನಾಗಿ ತೊಳೆದಿಡುವವರಿಗೆ ಪಿಸ್ಟನ್ ಎಂದೂ ನಾನು ಹೇಳುತ್ತೇನೆ. ಪಿಸ್ಟನ್ನಿನ ಕಷ್ಟದ ಓ-ರಿಂಗ್ ತನ್ನ ಸವೆತವನ್ನು ಗುಳ್ಳೆಯಾಗಿ ಹೊರಗೆ ತೋರಿಸಿಬಿಡುತ್ತದೆ ಎಂಬುದು ನನಗೆ ದೊಡ್ಡ ಗುಣವಾಗಿ ಕಾಣುತ್ತದೆ. ಡಯಾಫ್ರಮ್ ಇಟ್ಟುಕೊಂಡವರು ಆ ಕೆಲಸವನ್ನು ಗೇಜಿನಿಂದ ಮಾಡಿಸಿಕೊಳ್ಳಬೇಕು.

ರಿಪೇರಿಯಾಗಿ ಬಂದ ಮೇಲೆ

ಹೊಸ ಸೀಟು ಹಾಕಿದ ರೆಗ್ಯುಲೇಟರಿನ ಅಂಕಿ ಮೊದಲ ಕೆಲವು ಡೈವುಗಳಲ್ಲಿ ತುಸು ಬದಲಾಗುತ್ತದೆ. ಆದ್ದರಿಂದ ಬೆಂಚಿನ ಮೇಲೆ ಪರ್ಜ್ ಗುಂಡಿಯನ್ನು ಹಲವು ಸಲ ಒತ್ತಿ ಬಿಟ್ಟು ಅಂಕಿ ನೆಲೆಗೊಂಡ ಮೇಲೆ ಬರೆದಿಟ್ಟುಕೊಂಡು, ಆಳವಿಲ್ಲದ ನೀರಿನಲ್ಲಿ ಒಂದೆರಡು ಸಲ ಬಳಸಿ, ಅನಂತರ ಮತ್ತೊಮ್ಮೆ ಅಳೆಯಬೇಕು. ಬದಲಾಗಿದ್ದರೆ ಡಯಾಫ್ರಮ್ಮಿನಲ್ಲಿ ಹೊರಗಿನ ಸ್ಕ್ರೂವಿನಿಂದ ಸರಿಪಡಿಸಬಹುದು. ಅನೇಕ ಪಿಸ್ಟನ್‌ಗಳಲ್ಲಿ ಮತ್ತೆ ಬಿಚ್ಚಿ ಸ್ಪ್ರಿಂಗಿನಡಿಯ ತೆಳು ವಾಷರುಗಳನ್ನು ಸೇರಿಸಿ ಅಥವಾ ತೆಗೆದು ಹೊಂದಿಸಬೇಕಾಗುತ್ತದೆ, ವಾಷರ್ ಸೇರಿಸಿದರೆ ಒತ್ತಡ ಏರುತ್ತದೆ. ಬರೆದಿಟ್ಟ ಅಂಕಿಗಳ ಪಕ್ಕದಲ್ಲಿ ದಿನಾಂಕ, ಸಿಲಿಂಡರಿನಲ್ಲಿ ಆಗ ಇದ್ದ ಒತ್ತಡ, ಐದು ನಿಮಿಷಗಳ ನಂತರದ ಅಂಕಿ ಇವು ಮೂರೂ ಇರಲಿ. ಮುಂದಿನ ಸಲ ಎರಡನೇ ಹಂತ ಸುಯ್ಯೆಂದಾಗ ಹೋಲಿಸಿ ನೋಡಬೇಕಾದದ್ದು ಆ ಸಾಲನ್ನೇ.